ಹತ್ತು ನಿಮಿಷದಕ್ಕ

ಚಳಿಗಾಲದ ಕೊನೆಯ ದಿನಗಳು. ಬೆಳಗಿನ ಆರಕ್ಕೆ ಹೆರಿಗೆ ಕೋಣೆಯ ಕಿಟಕಿಗಾಜು ಇನ್ನೂ ಬೆವರುತ್ತಿದೆ. ಆಗಷ್ಟೇ ಹುಟ್ಟಿದ ಹೆಣ್ಣುಮಗು ತಾಯಿಯ ಎದೆಯ ಮೇಲೆ ಕಿರುಚುತ್ತಿದೆ. ಮಾಸು ಬಿದ್ದು ಎರಡು ನಿಮಿಷ. ದಾದಿ ಗೋಡೆ ಗಡಿಯಾರ ನೋಡಿ, ಉದ್ದನೆಯ ಇಕ್ಕಳದ ತುದಿಗೆ ಬಸುರು ತಡೆಯುವ ಕಾಪರ್-ಟಿ ಸಿಕ್ಕಿಸಿಕೊಳ್ಳುತ್ತಾರೆ.

"ಏನಮ್ಮಾ, ಹಾಕ್ಲಾ? ಈಗಲೂ ಬೇಡ ಅಂದ್ರೆ ಬೇಡ."

"ಏಳನೇ ತಿಂಗಳಿಂದ ಕೇಳ್ತಾನೇ ಇದೀರಲ್ಲಕ್ಕ. ಹಾಕಿ. ಈ ಸಲ ಗಟ್ಟಿಯಾಗಿ ಹಾಕಿ," ಎನ್ನುತ್ತಾಳೆ ಬಾಣಂತಿ.

ಈ ಸಲ ಎಂಬ ಮಾತು ದಾದಿಗೆ ನಾಟುತ್ತದೆ. ಹದಿನಾರು ತಿಂಗಳ ಹಿಂದೆ, ಇದೇ ಮಂಚದಲ್ಲಿ, ಇವಳ ಮೊದಲ ಹೆರಿಗೆಯಾದಾಗಲೂ ಹಾಕಿದ್ದು ಇವರೇ. ಅವತ್ತು ಉದ್ದದ ಇಕ್ಕಳ ಇನ್ನೂ ಉಪಕರಣ ಶುದ್ಧಮಾಡುವ ಹಬೆಯ ಡಬ್ಬಿಯಲ್ಲಿತ್ತು. ಗಿಡ್ಡದ್ದರಲ್ಲೇ ಕೆಲಸ ಮುಗಿಸಿದರು. ಕಾಪರ್-ಟಿ ಗರ್ಭಕೋಶದ ನೆತ್ತಿ ಮುಟ್ಟಲಿಲ್ಲ. ಯಾವಾಗಲೋ ಜಾರಿ ಹೋಯಿತು. ಮೈಯಲ್ಲಿ ರಕ್ತವಿಲ್ಲದವಳು ಮತ್ತೆ ಬಸುರಾದಳು. ಇನ್ನೊಮ್ಮೆ ಹೀಗಾದರೆ ಜೀವಕ್ಕೇ ಕುತ್ತು ಎಂದಿದ್ದಾರೆ ಡಾಕ್ಟರು.

"ಸರಿಯಾಗಿ ಹಾಕಿದ್ರೂ ಕೆಲವರಿಗೆ ಜಾರುತ್ತೆ ಅಂತ ಡಾಕ್ಟರು ನನ್ನ ಪರ ಹೇಳಿದ್ರು," ಎಂದು ದಾದಿ ಜೊತೆಯವರಲ್ಲಿ ಹೇಳಿಕೊಂಡಿದ್ದಾರೆ. " ನಾನು ಮಾತ್ರ ಅವಳಿಗೆ ಗಿಡ್ಡ ಇಕ್ಕಳದ ನಿಜ ಹೇಳ್ಬಿಟ್ಟೆ. ಅವಳ ಅತ್ತೆ ನನ್ನ ಜನ್ಮ ಜಾಲಾಡಿದ್ರು. ಇವಳು ನೋಡಿದ್ರೆ, 'ಕೆಡಿಸಿದ್ದು ನೀವೇ, ಸರಿ ಮಾಡೋದೂ ನೀವೇ' ಅಂದ್ಳು."

ಇಪ್ಪತ್ತೆರಡು ವರ್ಷದ ಅನುಭವವಿದ್ದರೂ ಅಂದಿನಿಂದ ಅವರು ಪ್ರತಿ ಶನಿವಾರ ಹಳೆಯ ಟವೆಲಿನಲ್ಲಿ ತಾವೇ ಹೊಲಿದ ಗರ್ಭಕೋಶದ ಮೇಲೆ ಕೈ ಪಳಗಿಸುತ್ತಾರೆ. ತಿಂಗಳಿಗೆ ತೊಂಬತ್ತು ಹೆರಿಗೆ. ಇಪ್ಪತ್ತು ಮಂದಿ ಒಪ್ಪಿದರೆ ಹೆಚ್ಚು. ಮಾಸು ಬಿದ್ದ ಹತ್ತು ನಿಮಿಷದೊಳಗೆ ಹಾಕಿದರೆ ಒಳ್ಳೆಯದೆಂದು ಗಡಿಯಾರದ ಕೆಳಗೇ ನಿಲ್ಲುವ ಇವರನ್ನು ಜೊತೆಯವರು 'ಹತ್ತು ನಿಮಿಷದಕ್ಕ' ಎಂದು ಕಾಡಿಸುತ್ತಾರೆ. ನೋವಿನಲ್ಲಿ ನರಳುವವಳ 'ಹೂಂ' ಇವರಿಗೆ ಲೆಕ್ಕವಿಲ್ಲ. ಮೊದಲೇ ಕೂತು ಮಾತಾಡಿ ಒಪ್ಪಿದ್ದರೆ ಮಾತ್ರ ಇಕ್ಕಳ ಮುಟ್ಟುವುದು.

ಎಡಗೈ ಹೊಟ್ಟೆಯ ಮೇಲೆ, ಬಲಗೈಯಲ್ಲಿ ಇಕ್ಕಳ. ಮೆಲ್ಲಗೆ ಮೇಲೆ, ಇನ್ನೂ ಮೇಲೆ. ಎಡಗೈಗೆ ಇಕ್ಕಳದ ತುದಿ ತಾಗಿದ್ದೇ ದಾದಿಯ ಮುಖ ಅರಳುತ್ತದೆ.

"ಮುಟ್ತು ಕಣೇ."

"ಹೋದ್ಸಲಾನೂ ಹಿಂಗೇ ನಕ್ಕಿದ್ರಿ," ಎನ್ನುತ್ತಾಳೆ ಅವಳು.

ಆರು ವಾರಕ್ಕೆ ತಪಾಸಣೆ. ದಾದಿ ಟಾರ್ಚ್ ಹಿಡಿದು ಬಗ್ಗಿ ನೋಡುತ್ತಾರೆ. ಕಾಪರ್-ಟಿಯ ಸಣ್ಣ ದಾರ ಇರಬೇಕಾದಲ್ಲೇ ಇದೆ. ಪರದೆ ಸರಿಸಿ ಹೊರಗೆ ಹೆಚ್ಚುಕಡಿಮೆ ಓಡುತ್ತಲೇ ಬರುತ್ತಾರೆ.

"ಇದೆ ಅಮ್ಮಾ, ಗಟ್ಟಿಯಾಗಿ ಕೂತಿದೆ."

ಬೆಂಚಿನ ಮೇಲಿದ್ದ ಅತ್ತೆ ತೊಡೆಯ ಮೇಲಿದ್ದ ಮಗುವನ್ನೆತ್ತಿ ದಾದಿಯ ಕೈಗಿಡುತ್ತಾರೆ.

"ಹಿಡ್ಕೊಳ್ಳಿ. ನಿಮ್ಮ ತಪ್ಪು ಎಷ್ಟು ಲಕ್ಷಣವಾಗಿದೆ ನೋಡಿ."

"ಸೊಸೆ ಹತ್ರ ಕ್ಷಮೆ ಕೇಳಿದೀನಮ್ಮ," ಎನ್ನುತ್ತಾರೆ ದಾದಿ, ಮಗುವಿನ ಕತ್ತಿಗೆ ಕೈ ಆಸರೆ ಕೊಟ್ಟು. "ಈ ಪುಟ್ಟಿ ಹುಟ್ಟಿದ್ದಕ್ಕೆ ಮಾತ್ರ ಕೇಳಲ್ಲ."