ಕದ ಬಡಿಯದ ಪ್ರೋಗ್ರಾಂ

ಜೋರಾಪುರ ಪೇಟೆಯಲ್ಲಿ ಮಿಕ್ಸರ್ ರಿಪೇರಿ ಮಾಡುವ ದಸ್ತಗೀರಸಾಬರು ಹವ್ಯಾಸಕ್ಕೆ ತಮ್ಮದೇ ಒಂದು ಆಪರೇಟಿಂಗ್ ಸಿಸ್ಟಂ ಬರೆದುಕೊಂಡಿದ್ದಾರೆ. ಚಹಾಕ್ಕೆ ಬಂದವರಿಗೆಲ್ಲ ಅದರ ಕಾಯ್ದೆ ಹೇಳುತ್ತಾರೆ: "ಮೆಮೊರಿ ಅಂದ್ರ ವಾಡೇ ಇದ್ದಂಗ್ರಿ, ಒಂದೊಂದು ಪ್ರೋಗ್ರಾಮಿಗೆ ಒಂದೊಂದು ಖೋಲಿ. ಇನ್ನೊಬ್ಬರ ಖೋಲ್ಯಾಗ ಕಾಲಿಟ್ರ ಹೊರಗ ಹಾಕೂದ!" ತಾವೇ ಬರೆದ ಕ್ಯಾಲೆಂಡರ್ ಪ್ರೋಗ್ರಾಮನ್ನೂ ಏಳು ಸಲ ಹೊರಗೆ ಹಾಕಿದವರು, ಅಡುಗೆಮನೆಯ ಹೊಸ್ತಿಲಲ್ಲೂ ನಿಂತು "ಬರ್ಲೇನ?" ಎಂದು ಹೆಂಡತಿ ದಾವಲಬಿಯನ್ನು ಕೇಳುವವರು. ಆದರೆ ತಿಕೋಟಾ ಸಾಲಿಯಲ್ಲಿ ಅವರಿಗೆ ಕಂಪ್ಯೂಟರ್ ಕಲಿಸಿದ, ಈಗ ಇಲ್ಲವಾದ ಗುರುಪಾದಯ್ಯ ಮಾಸ್ತರರು ಬರೆದಿಟ್ಟ ಹಳೆಯ ಮಗ್ಗಿ ಪ್ರೋಗ್ರಾಂ ಮಾತ್ರ ಯಾರನ್ನೂ ಕೇಳದೆ ಪರದೆಗೆಂದು ಮೀಸಲಿಟ್ಟ ಮೆಮೊರಿಯ ಖೋಲಿಗೇ ನುಗ್ಗುತ್ತದೆ. ಅದರ ಒಂದಕ್ಷರವನ್ನೂ ಮುಟ್ಟದೆ, ಅದು ನಡೆಯಲೆಂದು ದಸ್ತಗೀರಸಾಬರು ತಮ್ಮ ಸಿಸ್ಟಮನ್ನೇ ತಿದ್ದಿದ್ದಾರೆ. "ಇದಕ್ಕ ಕಾಯ್ದೆ ಇಲ್ಲೇನ್ರಿ?" ಎಂದು ದಾವಲಬಿ ಕೆಣಕಿದರೆ, ಕುರ್ಚಿಯಿಂದ ಅರ್ಧ ಎದ್ದು ಹೇಳುತ್ತಾರೆ: "ಮಾಸ್ತರು ಬಂದ್ರ ಕದಾ ಬಡೀಬೇಕೇನ?"