ಬಿಷಪ್ ಹೇಳಬೇಕಿದ್ದ ಮೂರು ಪದ

ಕೋವಿಡ್ ಕಳೆದು ಎರಡು ವರ್ಷವಾಗಿತ್ತು. ನಾನು ಆಗ ಕೋಲಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್. ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ. ಮಾಸ್ತಿಯಿಂದ ಬೆಳಗಿನ ಬಸ್ಸಿಗೆ ಮಾಲೂರು, ಅಲ್ಲಿಂದ ಇನ್ನೊಂದು ಬಸ್ಸಿಗೆ ಕೋಲಾರ. ತೊದಲುವ ಮಕ್ಕಳು, ಕಿವಿ ಕೇಳಿಸದವರು, ಪಾರ್ಶ್ವವಾಯು ಹೊಡೆದು ಮಾತು ಹೋದವರು ನನ್ನ ರೋಗಿಗಳು. ಅವರಲ್ಲಿ ಒಬ್ಬರ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ.

ಬಿಷಪ್ ಇನ್ನಾಸಪ್ಪನವರಿಗೆ ಎಪ್ಪತ್ತೊಂಬತ್ತು. ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವರು, ಮನೆಮಾತು ತೆಲುಗು. ಹದಿನಾರಕ್ಕೆ ಸೆಮಿನರಿ ಸೇರಿದವರು ದೂರದ ಜಿಲ್ಲೆಯೊಂದರಲ್ಲಿ ಹದಿನೇಳು ವರ್ಷ ಬಿಷಪ್ ಆಗಿದ್ದರು. ಕಾರು ಬಿಟ್ಟು ಬಸ್ಸಿನಲ್ಲಿ ಹಳ್ಳಿಗಳಿಗೆ ಹೋಗುತ್ತಿದ್ದರಂತೆ. ರಸ್ತೆಯಿಲ್ಲದ ಕಡೆ ಮೂರು ಶಾಲೆ ಕಟ್ಟಿಸಿದ್ದರು. ಐದು ಭಾಷೆಗಳಲ್ಲಿ ಪ್ರಸಂಗ ಮಾಡುತ್ತಿದ್ದರು. ನಿವೃತ್ತರಾದ ಮೇಲೆ ಕೋಲಾರದ ಹೊರವಲಯದಲ್ಲಿ ವಯಸ್ಸಾದ ಪಾದ್ರಿಗಳಿಗಾಗಿ ಇರುವ ಮನೆಗೆ ಬಂದರು. ಅಲ್ಲಿಯೇ ಒಂದು ಬೆಳಿಗ್ಗೆ ಸ್ಟ್ರೋಕ್ ಆಯಿತು.

ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದರೆ ಎಷ್ಟೋ ಜನರಿಗೆ ಅಫೇಸಿಯಾ ಬರುತ್ತದೆ. ಬುದ್ಧಿ ಕೆಟ್ಟಿರುವುದಿಲ್ಲ, ಹೇಳಬೇಕಾದ್ದು ಮನಸ್ಸಿನಲ್ಲಿರುತ್ತದೆ, ಪದ ಮಾತ್ರ ಬಾಯಿಗೆ ಬರುವುದಿಲ್ಲ. ವಿಚಿತ್ರವೆಂದರೆ ಬಾಯಿಪಾಠವಾಗಿದ್ದದ್ದು ಉಳಿದುಬಿಡುತ್ತದೆ. ಬಿಷಪ್ ಚಿಕ್ಕಂದಿನಿಂದ ಹೇಳುತ್ತಿದ್ದ ಪ್ರಾರ್ಥನೆಯನ್ನು ಒಂದಕ್ಷರ ತಪ್ಪದೆ ಹೇಳುತ್ತಿದ್ದರು. ಮರುಕ್ಷಣ ನೀರು ಬೇಕೆಂದು ಕೇಳಲು ಹೋಗಿ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದರು.

ಅವರು ನಮ್ಮ ಆಸ್ಪತ್ರೆಯಿಂದ ಪಾದ್ರಿಗಳ ಮನೆಗೆ ಮರಳಿದ ಮೇಲೆ ವಾರಕ್ಕೆ ಮೂರು ದಿನ ಅಲ್ಲಿಯ ಅವರ ಕೋಣೆಗೆ ಹೋಗುತ್ತಿದ್ದೆ. ಐದನೇ ವಾರದಲ್ಲಿ ತೆಲುಗು ಮೊದಲು ಮರಳಿತು, ಬಿಡಿಬಿಡಿ ಪದಗಳಾಗಿ. ನಮ್ಮ ಕಡೆ ತೆಲುಗು ಬಾರದವರು ಯಾರು? ನಾನು ಪಾಠವನ್ನೆಲ್ಲ ತೆಲುಗಿಗೆ ಬದಲಿಸಿದೆ.

ಆಗಿನಿಂದ ಅವರು ಗೋಡೆಯ ಮೇಲಿನ ಒಂದು ಫೋಟೊದ ಕಡೆ ಎಡಗೈ ತೋರಿಸಲು ಶುರುಮಾಡಿದರು. ಬಿಷಪ್ಪರ ಮುಂದೆ ಮೊಣಕಾಲೂರಿದ ಒಬ್ಬ ಯುವಕ. ಆ ಯುವಕ ಯಾರೆಂದು ನನಗೆ ಹೇಳಿದವರು ಅಲ್ಲಿ ನರ್ಸ್ ಆಗಿದ್ದ ಸಿಸ್ಟರ್ ಫಿಲೋಮಿನಾ. ಹೆಸರು ರಾಯಪ್ಪ, ಬಿಷಪ್ಪರೇ ಗುರುದೀಕ್ಷೆ ಕೊಟ್ಟು ಪಾದ್ರಿ ಮಾಡಿದವರು. ಎರಡು ವರ್ಷಕ್ಕೆ ಅವರ ಮೇಲೆ ಮೂಗರ್ಜಿ ಬಂತು: ಒಬ್ಬ ವಿಧವೆಯ ಮನೆಗೆ ಹೋಗಿಬರುತ್ತಾರೆ ಎಂದು. ಬಿಷಪ್ ವಿಚಾರಿಸದೆ ಅವರನ್ನು ಸೇವೆಯಿಂದ ತೆಗೆದರು. ಮೂರು ವರ್ಷದ ಮೇಲೆ ಅರ್ಜಿ ಬರೆದವನೇ ಸುಳ್ಳೆಂದು ಒಪ್ಪಿಕೊಂಡ. ಮರಳಿ ಬರಬಹುದೆಂದು ಕಾರ್ಯದರ್ಶಿಯ ಸಹಿಯಲ್ಲಿ ರಾಯಪ್ಪನವರಿಗೆ ಒಂದು ಪತ್ರ ಹೋಯಿತು. ಬಿಷಪ್ ತಾವಾಗಿ ಏನೂ ಬರೆಯಲಿಲ್ಲ. ರಾಯಪ್ಪ ಬರಲಿಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ಕಸಿ ಗಿಡಗಳ ನರ್ಸರಿ ನಡೆಸುತ್ತಿದ್ದಾರೆ ಎಂದರು ಸಿಸ್ಟರ್.

ಅವರನ್ನು ಕರೆಸಬೇಕೇ ಎಂದು ಬಿಷಪ್ಪರನ್ನು ಕೇಳಿದೆ. ಹೌದೆಂದು ತಲೆಯಾಡಿಸಿದರು. ಏನು ಹೇಳಬೇಕು ಎಂದು ಕೇಳಿದೆ. ಅದನ್ನು ಹೊರತರಲು ಎರಡು ಸೆಷನ್ ಹಿಡಿಯಿತು: “ನೀ ಮಾಟ ವಿನಲೇದು.” ನಿನ್ನ ಮಾತು ಕೇಳಲಿಲ್ಲ.

ಮೂರೇ ಪದ. ನಾನು ಹೋದಾಗಲೆಲ್ಲ ಅಭ್ಯಾಸ ಮಾಡಿದೆವು. ಪದ ಸಿಕ್ಕಿಹಾಕಿಕೊಂಡಾಗ ಅದರ ಮೊದಲ ಅಕ್ಷರವನ್ನು ನಾವು ಉಚ್ಚರಿಸಿ ದಾರಿ ತೋರಿಸುತ್ತೇವೆ, ಅದಕ್ಕೆ ಕ್ಯೂ ಎನ್ನುತ್ತೇವೆ. ನಾನು ‘ವಿ’ ಎಂದರೆ ಅವರು ‘ವಿನಲೇದು’ ಎನ್ನುವರು. ಈ ಅಭ್ಯಾಸದ ಮೂರನೇ ವಾರದ ಕೊನೆಗೆ ಕ್ಯೂ ಇಲ್ಲದೆ ಎರಡು ಸಲ ಪೂರ್ತಿ ಹೇಳಿದರು.

ರಾಯಪ್ಪನವರಿಗೆ ನಾನೇ ಫೋನ್ ಮಾಡಿದೆ. ಬಿಷಪ್ಪರ ಸ್ಥಿತಿ ತಿಳಿಸಿ, ಒಮ್ಮೆ ಬರಬಹುದೇ ಎಂದು ಕೇಳಿದೆ.

“ಅವತ್ತು ಐದು ನಿಮಿಷ ಮಾತಾಡ್ತೀನಿ ಅಂದೆ ಮೇಡಂ, ಕೊಡ್ಲಿಲ್ಲ. ಈಗ ಅವರಿಗೆ ಮಾತು ನಿಂತೋಯ್ತು ಅಂತ ನಾನ್ ಬರ್ಬೇಕಾ?”

ಒತ್ತಾಯಿಸುವುದಿಲ್ಲ ಎಂದೆ. ಎಂಟು ದಿನ ಬಿಟ್ಟು, ಒಂದು ಗುರುವಾರ, ಹೇಳದೆ ಬಂದರು. ಐವತ್ತರ ಹತ್ತಿರದ, ಬಿಸಿಲಿಗೆ ಕಪ್ಪಾದ ಮನುಷ್ಯ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಕುರ್ಚಿಯ ಅಂಚಿನಲ್ಲಿ ಕುಳಿತರು.

ರಾಯಪ್ಪನವರನ್ನು ಕಂಡು ಬಿಷಪ್ ಬಾಯಿ ತೆರೆದರು. “ನೀ” ಬಂತು. ಬಹಳ ಹೊತ್ತಿಗೆ “ಮಾಟ” ಬಂತು. ಅಲ್ಲಿಗೆ ನಿಂತಿತು. ತುಟಿ ಮಡಿಚುತ್ತಾರೆ, ಬಿಡುತ್ತಾರೆ, ಬೆವರುತ್ತಾರೆ. ಒಂದು ನಿಮಿಷವೋ ಎರಡೋ. ನನಗೆ ನೋಡಲಾಗಲಿಲ್ಲ. ಕ್ಯೂ ಕೊಟ್ಟಿದ್ದರೂ ಆಗುತ್ತಿತ್ತು. ನಾನು ಅದನ್ನೂ ಮಾಡದೆ, “ನಿಮ್ಮ ಮಾತು ಕೇಳಲಿಲ್ಲ ಅಂತ ಹೇಳ್ತಾ ಇದಾರೆ” ಎಂದು ರಾಯಪ್ಪನವರಿಗೆ ಹೇಳಿಬಿಟ್ಟೆ.

ಅವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. “ನೀವ್ ಯಾಕೆ ಹೇಳಿದ್ರಿ ಮೇಡಂ? ನಾನು ಕಾಯ್ತಿದ್ನಲ್ಲ.”

ಬಿಷಪ್ ಕಣ್ಣು ಮುಚ್ಚಿದ್ದರು. ಮತ್ತೆ ಪ್ರಯತ್ನಿಸಲಿಲ್ಲ. ನಾನು ‘ವಿ’ ಎಂದೆ, ಇನ್ನೊಮ್ಮೆ ಎಂದೆ. ಅವರು ಮುಖವನ್ನು ಗೋಡೆಯ ಕಡೆ ಮಾಡಿದರು. ರಾಯಪ್ಪ ಇನ್ನರ್ಧ ಗಂಟೆ ಕುಳಿತಿದ್ದು ಎದ್ದರು. ಮುಂದಿನ ಗುರುವಾರ ಬರ್ತೀನಿ, ಗಿಡಕ್ಕೆ ನೀರು ಬಿಟ್ಟು ಬರೋದು ಸ್ವಲ್ಪ ತಡ ಆಗಬಹುದು ಎಂದರು.

ಮಂಗಳವಾರ ಎರಡನೇ ಸ್ಟ್ರೋಕ್ ಆಯಿತು. ಬಿಷಪ್ಪರಿಗೆ ಮತ್ತೆ ಪ್ರಜ್ಞೆ ಬರಲಿಲ್ಲ. ಮನೆಯಿಂದ ಅವರನ್ನು ಎಲ್ಲಿಗೂ ಸಾಗಿಸುವುದು ಬೇಡವೆಂದು ವೈದ್ಯರು ಹೇಳಿದರು. ರಾಯಪ್ಪನವರಿಗೆ ತಿಳಿಸಲು ಫೋನ್ ಕೈಗೆತ್ತಿಕೊಂಡು ಎರಡು ಸಲ ಕೆಳಗಿಟ್ಟೆ. ನನ್ನಿಂದಾಗಲಿಲ್ಲ.

ಗುರುವಾರ ಅವರು ಬಂದರು. ಬಾಗಿಲಲ್ಲೇ ಎಲ್ಲ ಹೇಳಿದೆ. ಒಳಗೆ ಹೋಗಿ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ತೆಲುಗಿನಲ್ಲಿ, ಸಾವಧಾನವಾಗಿ ಮಾತಾಡತೊಡಗಿದರು. ತಾನು ಆ ವಿಧವೆಯ ಮನೆಗೆ ಹೋಗುತ್ತಿದ್ದುದು ಅವಳ ಅತ್ತೆ ಹಾಸಿಗೆ ಹಿಡಿದಿದ್ದಳೆಂದು. ಚರ್ಚಿಗೆ ಬರಲಾಗದ ಮುದುಕಿಗೆ ಶುಕ್ರವಾರ ಪರಮಪ್ರಸಾದ ಕೊಡಲು. ಹೋದಾಗೆಲ್ಲ ಬಾಗಿಲು ತೆರೆದೇ ಇರುತ್ತಿತ್ತು, ಅಂಗಳದಲ್ಲಿ ನೆರೆಯವರು ರೇಷ್ಮೆ ಹುಳು ಸಾಕುವ ತಟ್ಟೆ ತೊಳೆಯುತ್ತಿದ್ದರು. ತನ್ನನ್ನು ತೆಗೆದ ಮೇಲೆ ಊರಲ್ಲಿ ತನ್ನ ತಾಯಿ ಸಾಯುವ ತನಕ ಚರ್ಚಿನ ಕೊನೇ ಸಾಲಿನಲ್ಲೇ ಕೂರುತ್ತಿದ್ದಳು. ಹದಿನೆಂಟು ವರ್ಷದ ಹಿಂದೆ ಬಿಷಪ್ಪರ ಮೇಜಿನ ಮುಂದೆ ನಿಂತು ಹೇಳಬೇಕಿದ್ದುದನ್ನು ಒಂದೊಂದಾಗಿ ಹೇಳಿದರು. ನಾನು ಮತ್ತು ಸಿಸ್ಟರ್ ಬಾಗಿಲ ಬಳಿ ನಿಂತಿದ್ದೆವು. ಮುಗಿಸಿ ನನ್ನನ್ನು ಕೇಳಿದರು.

“ಕೇಳಿಸಿರುತ್ತಾ ಮೇಡಂ?”

ಇಂಥ ಹೊತ್ತಿನಲ್ಲಿ ಹೌದು ಎನ್ನುವುದು ಸುಲಭ. “ಗೊತ್ತಿಲ್ಲ” ಎಂದೆ.

ಅವರು ತಲೆಯಾಡಿಸಿ, ಬಿಷಪ್ಪರ ಹೊದಿಕೆಯನ್ನು ಎದೆಯವರೆಗೆ ಸರಿಮಾಡಿ ಹೊರಟರು. ಶನಿವಾರ ಬಿಷಪ್ ತೀರಿಕೊಂಡರು.

ನಾನು ಓದಿದ ಪುಸ್ತಕಗಳಲ್ಲಿ ರೋಗಿಗೆ ಉತ್ತರಿಸಲು ಸಮಯ ಕೊಡಿ ಎಂದು ಬರೆದಿತ್ತು. ಪರೀಕ್ಷೆಯಲ್ಲಿ ನಾನೂ ಹಾಗೇ ಬರೆದು ಪಾಸಾಗಿದ್ದೆ. ಆದರೆ ಅವತ್ತು ತಾಳಲಾಗದೆ ಹೋದದ್ದು ನಾನು. ಕಷ್ಟಪಡುತ್ತಿದ್ದ ಬಿಷಪ್ಪರು ತಾಳಿಕೊಂಡಿದ್ದರು, ಕಾಯುತ್ತಿದ್ದ ರಾಯಪ್ಪನವರೂ ತಾಳಿಕೊಂಡಿದ್ದರು. ಒಬ್ಬ ಮನುಷ್ಯ ತಾನೇ ಹೇಳಬೇಕಾದ ಮಾತನ್ನು ಇನ್ನೊಬ್ಬರು ಹೇಳಿದರೆ ಅದು ಬರೀ ಸುದ್ದಿಯಾಗುತ್ತದೆ. ಈಗಲೂ ರೋಗಿಯ ಬಾಯಲ್ಲಿ ಪದ ಅರ್ಧಕ್ಕೆ ನಿಂತರೆ ಉಳಿದರ್ಧ ನನ್ನ ನಾಲಿಗೆಯ ತುದಿಗೆ ಬರುತ್ತದೆ. ನುಂಗಿಕೊಂಡು ಕೂರುತ್ತೇನೆ.