ಗೇರ್ ಮುರಿದವನು

ಅಪ್ಪ ನನಗೆ ಇಟ್ಟ ಹೆಸರು ಎರಡು. ಒಂದು ಸ್ಕೂಲಿನ ರಿಜಿಸ್ಟರಿನಲ್ಲಿದೆ. ಇನ್ನೊಂದು ‘ಗೇರ್ ಮುರ್ದೋನು’. ನೆಂಟರಿಷ್ಟರ ಬಾಯಲ್ಲಿ ಮೂವತ್ತೈದು ವರ್ಷ ಉಳಿದದ್ದು ಎರಡನೆಯದೇ. ಮದುವೆ ಮನೆಯಲ್ಲಿ ಊಟದ ಎಲೆಯ ಮುಂದೆ ಕೂತಿದ್ದರೂ ಯಾರಾದರೊಬ್ಬರು, ‘ಓ, ಗೇರ್ ಮುರ್ದೋನು ಬಂದವ್ನೆ’ ಎನ್ನುವರು. ಎಲ್ಲರೂ ನಗುವರು. ನಾನೂ ನಗುತ್ತಿದ್ದೆ. ಥೂ, ಆ ನಗುವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನನಗಾಗ ಹದಿನೇಳು ವರ್ಷ. ಗುಬ್ಬಿಯ ಹತ್ತಿರ ನಮ್ಮ ತೆಂಗಿನ ತೋಟದ ಮನೆಯಲ್ಲಿ ಅಪ್ಪನ ಬೈಕಿತ್ತು. ಮೈಸೂರಿನಲ್ಲಿ ತಯಾರಾದದ್ದು, ಎರಡು ಸೈಲೆನ್ಸರಿನದು. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್ ಆಗುವ ಗಾಡಿ. ಒಂದು ಡಿಸೆಂಬರ್ ಬೆಳಗ್ಗೆ, ಬಾಯಿ ತೆರೆದರೆ ಹೊಗೆ ಬರುವಂಥ ಚಳಿಯಲ್ಲಿ, ಅಪ್ಪನೇ ಕೀ ಕೊಟ್ಟು, ತುಮಕೂರಿನ ಚಿಕ್ಕಪ್ಪನಿಗೆ ಒಂದು ಕಾಗದ ತಲುಪಿಸಿ ಬಾ ಅಂದ. ಊರಾಚೆಯ ಏರಿನಲ್ಲಿ ಎರಡನೇ ಗೇರಿಗೆ ಹಾಕಿ ಇನ್ನೂ ಒಂದು ಫರ್ಲಾಂಗು ಹೋಗಿರಲಿಲ್ಲ. ಎಂಜಿನ್ನಿನ ಹೊಟ್ಟೆಯೊಳಗೆ ಕಟಾರ್ ಅಂತ ಸದ್ದಾಯಿತು. ಹಿಂದಿನ ಚಕ್ರ ಹಿಡಿದುಕೊಂಡಿತು. ನಾನು ಜಲ್ಲಿಯ ಮೇಲೆ ಬಿದ್ದೆ.

ಗಾಡಿಯನ್ನು ಹೇಗೋ ತಳ್ಳಿಕೊಂಡು ಮನೆಗೆ ಬಂದಾಗ, ಮಂಡಿಯಿಂದ ರಕ್ತ ಸುರಿಯುತ್ತಿದ್ದವನನ್ನು ಅಪ್ಪ ತೆಂಗಿನ ಮಟ್ಟೆಯಲ್ಲಿ ಹೊಡೆದ. ‘ಕ್ಲಚ್ ಹಿಡೀದೆ ಗೇರ್ ಒದ್ದವ್ನೆ ನನ್ಮಗ’ ಎಂದು ಊರಿಗೆಲ್ಲ ಕೇಳುವಂತೆ ಕೂಗಿದ. ನಾನು ಕ್ಲಚ್ ಹಿಡಿದಿದ್ದೆನೋ ಇಲ್ಲವೋ, ಆ ಗಾಬರಿಯಲ್ಲಿ ನನಗೇ ಗೊತ್ತಿರಲಿಲ್ಲ. ಹಾಗಾಗಿ ನಂಬಿದೆ. ಅದೇ ನನ್ನ ಕರ್ಮ.

ಅಪ್ಪ ಗಾಡಿಯನ್ನು ರಿಪೇರಿ ಮಾಡಿಸಲಿಲ್ಲ, ಮಾರಲೂ ಇಲ್ಲ. ಕೊಬ್ಬರಿ ಒಣಗಿಸುವ ಶೆಡ್ಡಿನಲ್ಲಿ, ಹೋಗಿ ಬರುವವರಿಗೆಲ್ಲ ಕಾಣುವ ಹಾಗೆ ನಿಲ್ಲಿಸಿದ. ನಾನು ಮೆಕ್ಯಾನಿಕಲ್ ಡಿಪ್ಲೊಮಾಗೆ ಅರ್ಜಿ ತಂದಾಗ ಅದನ್ನು ಹರಿದು ಹಾಕಿ, ‘ಮನೇಲಿರೋ ಒಂದ್ ಮಿಷನ್ ಮುರ್ದಾಯ್ತು, ಇನ್ನ ಊರ್ ಮಿಷನ್ ಮುರಿಯಕ್ಕೆ ಓದ್ಬೇಕಾ?’ ಅಂದ. ನಾನು ಬಿ.ಎ. ಓದಿ, ತುಮಕೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ಫೈಲುಗಳಿಗೆ ದಾರ ಕಟ್ಟುತ್ತಾ ತಲೆಕೂದಲು ಬೆಳ್ಳಗೆ ಮಾಡಿಕೊಂಡೆ. ಹೆಣ್ಣು ನೋಡಲು ಹೋದಾಗ ಅಪ್ಪ ಬೀಗರಿಗೆ, ‘ಹುಡ್ಗ ಒಳ್ಳೇವ್ನೇಯ, ಗಾಡಿ ಮಾತ್ರ ಕೈಗ್ ಕೊಡ್ಬ್ಯಾಡಿ’ ಎಂದ. ತೋಟದ ಹಿಂದಿನ ಎಕರೆಯನ್ನು ನನ್ನನ್ನು ಕೇಳದೆ ಮಾರಿದಾಗ ನಾನು ಬಾಯಿ ತೆರೆದೆ. ಅಪ್ಪ ಶೆಡ್ಡಿನ ಕಡೆ ಕೈ ತೋರಿಸಿದ. ಅಷ್ಟೇ ಸಾಕಾಯಿತು. ನನ್ನ ಬಾಯಿಗೆ ಬೀಗ ಬಿತ್ತು.

ಈಗ ಅಪ್ಪ ತುಮಕೂರಿನ ಶೆಟ್ಟಿಹಳ್ಳಿಯ ನನ್ನ ಮನೆಯಲ್ಲಿದ್ದಾನೆ. ಸಕ್ಕರೆ ಕಾಯಿಲೆ ಅವನ ಕಣ್ಣುಗಳನ್ನು ತಿಂದಿದೆ. ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನಾಲಿಗೆ ಮಾತ್ರ ಹಾಗೇ ಇತ್ತು. ವರಾಂಡದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನನ್ನ ಹೆಂಡತಿ ಮಾಡಿದ ಮುದ್ದೆಗೂ ಹೆಸರಿಡುತ್ತಿದ್ದ, ಬಸ್ಸಾರಿಗೂ ಹೆಸರಿಡುತ್ತಿದ್ದ, ಮಾತ್ರೆ ಕೊಟ್ಟರೆ ಉಗುಳುತ್ತಿದ್ದ. ಕಳೆದ ವರ್ಷ ಒಂದು ದಿನ ಇದ್ದಕ್ಕಿದ್ದಂತೆ, ‘ಸಾಯೋಕ್ ಮುಂಚೆ ಒಂದ್ ಸಲ ನನ್ ಗಾಡಿ ಮ್ಯಾಲೆ ಕೂತು ತ್ವಾಟಕ್ಕೆ ಹೋಗ್ಬೇಕು ಕಣ್ಲಾ’ ಎಂದ.

‘ರಿಪೇರಿ ನಾನೇ ಮಾಡ್ತೀನಿ’ ಅಂದೆ.

‘ನೀನಾ?’ ಎಂದು ಕೆಮ್ಮು ಬರುವ ತನಕ ನಕ್ಕ.

ಪ್ರೀತಿಯಿಂದ ಒಪ್ಪಿಕೊಂಡೆ ಎಂದು ಯಾರೂ ತಿಳಿಯಬೇಡಿ. ಮುರಿದದ್ದನ್ನು ನನ್ನ ಕೈಯಿಂದಲೇ ಕಟ್ಟಿ ಓಡಿಸಬೇಕು, ‘ಪರವಾಗಿಲ್ಲ ಕಣ್ಲಾ, ಹಳೇದು ಮರ್ತ್ಬುಡು’ ಅನ್ನುವ ಒಂದು ಮಾತನ್ನು ಅವನ ಬಾಯಿಂದ ಹೊರಡಿಸಬೇಕು. ಐವತ್ತೆರಡು ವರ್ಷದ ಗಂಡಸು ಹೇಳಿಕೊಳ್ಳುವಂಥ ಆಸೆಯಲ್ಲ. ಏನು ಮಾಡಲಿ, ಇತ್ತು.

ಕುಣಿಗಲ್‌ನಲ್ಲಿ ಈ ಜಾತಿಯ ಗಾಡಿ ಬಿಟ್ಟು ಬೇರೆ ಯಾವುದನ್ನೂ ಮುಟ್ಟದ ಒಬ್ಬರು ವಯಸ್ಸಾದ ಮೇಸ್ತ್ರಿ ಇದ್ದಾರೆ. ಶೆಡ್ಡಿನಲ್ಲಿದ್ದ ಗಾಡಿಯನ್ನು ಟೆಂಪೋದಲ್ಲಿ ಮನೆಗೆ ತರಿಸಿ, ಎಂಜಿನ್ನನ್ನು ಫ್ರೇಮಿನಿಂದ ಇಳಿಸಿ, ಗೋಣಿಚೀಲದಲ್ಲಿ ಸುತ್ತಿ, ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಅವರ ಅಂಗಡಿಗೆ ಹೋದೆ. ನಾನೇ ಬಿಚ್ಚಿ ನಾನೇ ಕಟ್ಟಬೇಕು ಎಂದಾಗ ಮೇಸ್ತ್ರಿ ನನ್ನ ಮೆತ್ತನೆಯ ಕೈಗಳನ್ನು ನೋಡಿದರು. ‘ಆಯ್ತು ಸಾರ್, ನೀವ್ ಬಿಚ್ಚಿ. ನಾನ್ ಸ್ಟೂಲ್ ಮೇಲ್ ಕೂತು ಬಯ್ತೀನಿ’ ಎಂದರು. ಮಾತಿಗೆ ತಪ್ಪಲಿಲ್ಲ, ಚೆನ್ನಾಗಿಯೇ ಬಯ್ದರು.

ಈ ಗಾಡಿಯಲ್ಲಿ ಗೇರುಗಳು ಎಂಜಿನ್ನಿನ ಹೊಟ್ಟೆಯೊಳಗೇ ಇರುತ್ತವೆ. ಅವುಗಳ ಮುಖ ನೋಡಬೇಕಾದರೆ ಎಲ್ಲವನ್ನೂ ಕಳಚಿ ಹಾಕಬೇಕು. ಹೆಡ್ಡು, ಬೋರು, ಮ್ಯಾಗ್ನೆಟ್ಟು, ಕ್ಲಚ್ಚು, ಚೈನು ಒಂದೊಂದಾಗಿ ಬಿಚ್ಚಲು ಮೂರು ಭಾನುವಾರ ಹಿಡಿಯಿತು. ಕೊನೆಗೆ ಕೇಸನ್ನು ಬಿಸಿ ಮಾಡಿ, ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿದೆ. ಕೇಸು ಎರಡು ಹೋಳಾಯಿತು. ಗೇರು ಕಾಣುವುದಕ್ಕೆ ಮೊದಲೇ ವಾಸನೆ ಬಂತು.

ಕಮಟು ವಾಸನೆ. ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಪರಿಚಯ ಮಾಡಿಸಬೇಕಾಗಿಲ್ಲ. ಹಳೇ ಕೊಬ್ಬರಿ ಎಣ್ಣೆ. ಹಲ್ಲುಗಳ ಸಂದಿಯಲ್ಲೆಲ್ಲ ಹಲಸಿನ ಮೇಣದ ಹಾಗೆ ಕಂದು ಬಣ್ಣದ ಅಂಟು ಮೆತ್ತಿಕೊಂಡಿತ್ತು.

‘ಥೂ! ಯಾವನ್ರೀ ಇವ್ನು?’ ಮೇಸ್ತ್ರಿ ಸ್ಟೂಲಿನಿಂದ ಎದ್ದೇಬಿಟ್ಟರು. ‘ತಲೆಗ್ ಹಚ್ಕೊಳೋದ್ನ ತಂದು ಗೇರ್‌ಬಾಕ್ಸಿಗೆ ಹುಯ್ದವ್ನೆ!’

ಯಾವನು ಎಂದು ನನಗೆ ಹೊಳೆಯಿತು. ನಮ್ಮ ಮನೆಯಲ್ಲಿ ಬಾಗಿಲು ಕಿರುಗುಟ್ಟಿದರೂ ಕೊಬ್ಬರಿ ಎಣ್ಣೆ, ಕೈ ಸುಟ್ಟರೂ ಕೊಬ್ಬರಿ ಎಣ್ಣೆ, ಪಂಪ್‌ಸೆಟ್ಟಿಗೂ ಅದೇ. ‘ಅಂಗ್ಡಿ ಎಣ್ಣೆ ಎಲ್ಲ ಕಲಬೆರ್ಕೆ, ನಮ್ದು ಗಾಣದ್ದು’ ಎಂದು ಅಪ್ಪನಿಗೆ ಮಹಾ ಜಂಬ. ಆ ವರ್ಷ ದೀಪಾವಳಿ ಮುಗಿದ ಮೇಲೆ ಅವನು ಗಾಡಿಯ ಕೆಳಗೆ ಬೋಗುಣಿ ಇಟ್ಟು ಕಪ್ಪು ಎಣ್ಣೆ ಬಸಿಯುತ್ತಿದ್ದದ್ದು ಕಣ್ಣ ಮುಂದೆ ಬಂತು. ಪಕ್ಕದಲ್ಲಿ ನಮ್ಮದೇ ಎಣ್ಣೆಯ ಡಬ್ಬವಿತ್ತು. ನಾನು ಅದನ್ನು ದಾಟಿಕೊಂಡೇ ಕಾಲೇಜಿಗೆ ಹೋಗಿದ್ದೆ.

‘ಡಿಸೆಂಬರ್ ಬೆಳಿಗ್ಗೆ ನಿಮ್ಮನೆ ಶೀಶೇಲಿ ಈ ಎಣ್ಣೆ ಹೆಂಗಿರುತ್ತೆ ಸಾರ್?’ ಮೇಸ್ತ್ರಿ ಕೇಳಿದರು.

‘ಗಟ್ಟಿಯಾಗಿರುತ್ತೆ.’

‘ಇಲ್ಲೂ ಅಷ್ಟೇಯ. ತಳದಲ್ಲಿ ತುಪ್ಪದ್ ಥರ ಕೂತ್ಕಂಡದೆ, ಮೇಲೆ ಗೇರು ಒಣಗ್ಕಂಡು ತಿರುಗವೆ. ನೋಡಿ, ಎರಡನೇ ಗೇರಿನ ಬುಷ್ಷು, ಈ ಹಿತ್ತಾಳೆ ಬಳೆ, ಕಾದು ಶಾಫ್ಟಿಗೆ ಕಚ್ಕಂಡದೆ. ಕಚ್ಕಂಡ್ ಮೇಲೆ ಹಲ್ಲು ಹೋಗ್ದೆ ಇನ್ನೇನಾಯ್ತದೆ?’

ನಾನು ಮೆಲ್ಲಗೆ ಕೇಳಿದೆ: ‘ಕ್ಲಚ್ ಹಿಡೀದೆ ಗೇರ್ ಹಾಕಿದ್ರೆ ಹಿಂಗಾಗಲ್ವಾ?’

ಮೇಸ್ತ್ರಿ ನನ್ನನ್ನು ದಡ್ಡನನ್ನು ನೋಡಿದ ಹಾಗೆ ನೋಡಿದರು. ‘ಕ್ಲಚ್ಚಾ? ಈ ಗಾಡೀಲಿ ಗೇರ್ ಲಿವರ್ ತುಳಿದ್ರೆ ಸಾಕು, ಕ್ಲಚ್ ಅದ್ರ ಪಾಡಿಗ್ ಅದೇ ಬಿಟ್ಕತದೆ. ಕಂಪ್ನಿಯವ್ರು ಮಾಡಿರೋದೇ ಹಂಗೆ. ಗಾಡಿ ಇಟ್ಟಿದ್ದೋರ್ಗೆಲ್ಲ ಗೊತ್ತಿರೋ ವಿಷ್ಯ ಅದು.’

ನಾನು ಎದ್ದು ಹೊರಗೆ ಬಂದೆ. ಅಂಗಡಿಯ ಪಕ್ಕದ ಹುಣಸೆಮರದ ಕೆಳಗೆ ನಿಂತು ಅತ್ತೆ. ಹೌದು, ಸಿಂಬಳ ಸುರಿಸಿಕೊಂಡು, ಹದಿನೇಳರ ಹುಡುಗನ ಹಾಗೇ ಅತ್ತೆ. ಆಮೇಲೆ ಮುಖ ಒರೆಸಿಕೊಂಡು ಒಳಗೆ ಹೋಗಿ, ಆ ಅಂಟನ್ನು ಚಾಕುವಿನಿಂದ ಕೆರೆದು ಒಂದು ವಿಭೂತಿ ಡಬ್ಬಿಗೆ ತುಂಬಿಕೊಂಡೆ. ಅಪ್ಪನಿಗೆ ಆಗ ಏನೂ ಹೇಳಲಿಲ್ಲ. ಮೊದಲು ಗಾಡಿ ಓಡಬೇಕು. ಮುರಿದವನು ಅವನು, ಕಟ್ಟಿದವನು ನಾನು ಎಂದಾದ ಮೇಲೆ ಹೇಳಬೇಕು.

ಕಟ್ಟುವುದು ಬಿಚ್ಚಿದಷ್ಟು ಸುಲಭವಾಗಿರಲಿಲ್ಲ. ಎರಡನೇ ಗೇರಿನ ಜೋಡಿ ಮೇಸ್ತ್ರಿಯ ಹಳೇ ಬಿಸ್ಕತ್ ಡಬ್ಬದಲ್ಲಿ ಸಿಕ್ಕಿತು. ಹೊಸ ಬುಷ್ಷನ್ನು ಉಪ್ಪಾರಹಳ್ಳಿಯ ಲೇತಿನಲ್ಲಿ ಕಡೆಸಿದೆ. ಗೇರನ್ನು ಅತ್ತಿತ್ತ ಸರಿಸುವ ಫೋರ್ಕು ಬಗ್ಗಿತ್ತು, ಅದನ್ನೂ ಬದಲಾಯಿಸಿದೆ. ಮೊದಲ ಸಲ ಜೋಡಿಸಿ, ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದರೆ ಎರಡನೇ ಗೇರು ಬಿದ್ದ ಹಾಗೆ ಬಿದ್ದು ಟಪ್ಪೆಂದು ಜಾಗ ಬಿಟ್ಟು ಹಾರಿತು. ಬಿಚ್ಚಿದೆ. ತೆಳು ವಾಷರೊಂದನ್ನು ಶಾಫ್ಟಿನ ಆ ತುದಿಗೆ ಹಾಕುವ ಬದಲು ಈ ತುದಿಗೆ ಹಾಕಿದ್ದೆ. ಎರಡನೇ ಸಲವೂ ಹಾರಿತು. ‘ಗೇರು ಪೂರ್ತಿ ಒಳಕ್ ಹೋಗ್ತಿಲ್ಲ, ತುದೀಲಿ ತಗ್ಲಾಕ್ಕೊಂಡದೆ. ಫೈಲ್ ಕಟ್ಟಿದಂಗಲ್ಲ ಸಾರ್ ಇದು, ಇನ್ನೊಂದ್ ವಾಷರ್ ಹಾಕಿ’ ಎಂದರು ಮೇಸ್ತ್ರಿ. ಮೂರನೇ ಸಲ ಎಣ್ಣೆ ಸವರಿ, ಕಣ್ಣು ಮುಚ್ಚಿಕೊಂಡು ನೂರು ಸುತ್ತು ತಿರುಗಿಸಲು ಹೇಳಿದರು. ತಿರುಗಿಸಿದೆ. ಎಲ್ಲೂ ತಡೆಯಲಿಲ್ಲ, ಎಲ್ಲೂ ಹಾರಲಿಲ್ಲ. ಮೇಸ್ತ್ರಿ ಏನೂ ಬಯ್ಯಲಿಲ್ಲ. ಅವತ್ತು ಎಷ್ಟು ಖುಷಿಯಾಯಿತೆಂದರೆ, ಮೇಸ್ತ್ರಿಯ ಮಸಿಗೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ.

ಎಂಜಿನ್ ಮತ್ತೆ ಫ್ರೇಮಿಗೆ ಕೂತ ಭಾನುವಾರ ಮಧ್ಯಾಹ್ನ, ತುಮಕೂರಿನೊಳಗೇ ಶೆಟ್ಟಿಹಳ್ಳಿಯಿಂದ ಸದಾಶಿವನಗರದ ತನಕ ಹೋಗಿ ಬಂದೆ. ಏರು ಸಿಕ್ಕಲ್ಲೆಲ್ಲ ಬೇಕೆಂದೇ ಎರಡನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ತಿರುಚಿದೆ. ಗೇರು ಹಾರದೆ ಬಂಡೆ ಹಾಗೆ ನಿಂತಿತು. ಅಷ್ಟು ಹೊತ್ತಿಗೆ ನನ್ನ ಸಿಟ್ಟು ಅರ್ಧ ಇಳಿದೇ ಹೋಗಿತ್ತು. ಡಬ್ಬಿಯ ಸುದ್ದಿ ಎತ್ತದೆ, ಅಪ್ಪನನ್ನು ಹಿಂದೆ ಕೂರಿಸಿಕೊಂಡು ಗುಬ್ಬಿಗೆ ಹೋಗಿಬಿಡೋಣ ಅನ್ನಿಸಿತ್ತು. ದೇವರಾಣೆ ನಿಜ.

ಗೇಟಿನ ಮುಂದೆ ಗಾಡಿ ನಿಲ್ಲಿಸಿದೆ. ಅಪ್ಪ ಕುರ್ಚಿಯಿಂದಲೇ ಕೂಗಿದ: ‘ಏನ್ಲಾ, ತಿರ್ಗ ಮುರ್ದ್ಯಾ?’

ಒಳಗೆ ಹೋಗಿ ಡಬ್ಬಿ ತಂದೆ. ಮುಚ್ಚಳ ತೆಗೆದು ಅವನ ಮೂಗಿನ ಕೆಳಗೆ ಹಿಡಿದೆ.

‘ಏನಿದು ಹೇಳು.’

ಮೂಸಿದ. ‘ಕೊಬ್ರಿ ಎಣ್ಣೆ. ಕಮಟೋಗದೆ.’

‘ನಿನ್ ಗಾಡಿ ಗೇರ್‌ಬಾಕ್ಸಿಂದ ಕೆರ್ದಿದ್ದು.’

ಇಲ್ಲ ಅನ್ನುತ್ತಾನೆ ಎಂದುಕೊಂಡಿದ್ದೆ. ಅದಕ್ಕೆಲ್ಲ ಉತ್ತರ ರೆಡಿ ಮಾಡಿಕೊಂಡಿದ್ದೆ. ಅಪ್ಪ ಮೂಗು ಒರೆಸಿಕೊಂಡು, ‘ಗೊತ್ತು’ ಎಂದ.

‘ಏನ್ ಗೊತ್ತು?’

‘ಅವತ್ತೇ ಗೊತ್ತಿತ್ತು ಕಣ್ಲಾ. ನೀನ್ ಗಾಡಿ ತಳ್ಕಂಡ್ ಬಂದ್ ದಿವ್ಸವೇ ಕೆಳಗಿನ್ ಬೋಲ್ಟು ಬಿಚ್ ನೋಡ್ದೆ. ಒಳಗೆ ಬೆಣ್ಣೆ ಥರ ಕೂತಿತ್ತು.’

‘ಮತ್ಯಾಕಪ್ಪಾ ನನ್ ತಪ್ಪು ಅಂತ ಇಷ್ಟ್ ವರ್ಷ…’

‘ಹೊಡ್ದಿದ್ದು ಸಿಟ್ಟಿಗೆ. ಆಮ್ಯಾಲ್ ನೋಡ್ದೆ. ಅದಕ್ಕೂ ಮುಂಚೆ ಎಲ್ಲದಕ್ಕೂ ಎದುರ್ ಮಾತಾಡ್ತಿದ್ದೆ ನೀನು. ತಪ್ಪು ಮಾಡಿವ್ನಿ ಅಂತ ಅನ್ಕಂಡ್ ಮ್ಯಾಲೆ ಮಾತ್ ಕೇಳಕ್ ಶುರು ಮಾಡ್ದೆ. ಹಂಗೇ ಇರ್ಲಿ ಅಂತ ಬುಟ್ಟೆ.’

ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ಹೋರಿಗೆ ಮೂಗುದಾರ ಹಾಕಿದ್ದನ್ನು ಹೇಳಿದಷ್ಟೇ ಸಲೀಸಾಗಿ ಹೇಳಿದ. ಹೇಳಿ ಮುಗಿಸಿ, ಕೈ ಚಾಚಿ, ಗಾಡಿ ಇರುವ ದಿಕ್ಕಿಗೆ ಗಾಳಿಯಲ್ಲಿ ತಡಕಾಡಿದ. ‘ಹೋಗ್ಲಿ ಬುಡು ಅದೆಲ್ಲ. ಎರಡ್ನೇ ಗೇರ್ ನಿಲ್ತಾ? ಯಾವತ್ ಕರ್ಕಂಡ್ ಹೋಯ್ತೀಯ ತ್ವಾಟಕ್ಕೆ?’

‘ನಿಲ್ಲಲಿಲ್ಲ’ ಎಂದೆ.

‘ಆಂ?’

‘ನಿನ್ನೆಣ್ಣೆ ಶಾಫ್ಟನ್ನೇ ತಿಂದ್ ಹಾಕದೆ. ಎರಡ್ನೇ ಗೇರ್ ಹಾರ್ತದೆ. ನಿನ್ನ ಹಿಂದ್ ಕೂರಿಸ್ಕಂಡ್ರೆ ಇಬ್ರೂ ಬೀಳ್ತೀವಿ. ಇನ್ನ ಅದು ಸರಿಹೋಗೋದು ಅನುಮಾನ.’

ಚಾಚಿದ ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ತೊಡೆಯ ಮೇಲೆ ಇಳಿಯಿತು. ಅಪ್ಪನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನೋಡಿ ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಸಂತೋಷವಾಯಿತು.

ಇದೆಲ್ಲ ಆಗಿ ಆರು ತಿಂಗಳಾಯಿತು. ದಿನಾ ಬೆಳಗ್ಗೆ ನಾನು ಅದೇ ಗಾಡಿಯಲ್ಲಿ ಕಚೇರಿಗೆ ಹೋಗುತ್ತೇನೆ. ಟ್ರಯಲ್ ನೋಡಕ್ಕೆ ಹೋಗ್ತಿದ್ದೀನಿ ಎಂದು ಅಪ್ಪನಿಗೆ ಹೇಳಿದ್ದೇನೆ. ಸಂಜೆ ಸದ್ದು ಕೇಳಿದ ಕೂಡಲೇ ಕುರ್ಚಿಯಲ್ಲಿ ನೆಟ್ಟಗೆ ಕೂತು, ‘ಇವತ್ತು?’ ಅನ್ನುತ್ತಾನೆ. ‘ಹಾರ್ತು’ ಎನ್ನುತ್ತೇನೆ. ಅಪ್ಪ ಈಗ ಕೊಟ್ಟದ್ದನ್ನು ತಿನ್ನುತ್ತಾನೆ, ಮಾತ್ರೆ ನುಂಗುತ್ತಾನೆ, ಯಾರಿಗೂ ಹೆಸರಿಡುವುದಿಲ್ಲ. ಚಿಕ್ಕಪ್ಪ ಬಂದಾಗ, ‘ಗೇರ್ ಮುರ್ದಿದ್ದು ಇವ್ನಲ್ಲ ಕಣೋ, ನಾನು. ಎಣ್ಣೆ ಹುಯ್ದು ಹಾಳ್ಮಾಡ್ಬುಟ್ಟೆ’ ಎಂದ. ನಾನು ಮೂವತ್ತೈದು ವರ್ಷ ಕಾದ ಮಾತು ಅದು. ಕೇಳಿಸಿಕೊಂಡು ಸುಮ್ಮನೆ ಕಾಫಿ ಕುಡಿದೆ.

‘ಸಾಕು ಕಣ್ರೀ, ಒಂದ್ಸಲ ಕರ್ಕೊಂಡ್ ಹೋಗ್ಬನ್ನಿ. ಮುದುಕ್ರು ಎಷ್ಟ್ ದಿನ ಇರ್ತಾರೆ’ ಎಂದು ಹೆಂಡತಿ ದಿನಾ ಹೇಳುತ್ತಾಳೆ. ನೋಡೋಣ ಎನ್ನುತ್ತೇನೆ.

ಮೊನ್ನೆ ಬೆಳಗ್ಗೆ ಗಾಡಿ ಹೊರಗೆ ತೆಗೆಯುವ ಹೊತ್ತಿಗೆ ಅಪ್ಪ ಸ್ವೆಟರ್ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಗೋಡೆ ಸವರುತ್ತಾ ಗೇಟಿನ ತನಕ ಬಂದಿದ್ದ. ‘ಎರಡ್ನೇ ಗೇರ್ ಬ್ಯಾಡಪ್ಪ,’ ಎಂದ. ‘ಒಂದ್ನೇ ಗೇರಲ್ಲೇ ನಿಧಾನಕ್ ಹೋಗಣ. ಸಂಜೆಗಂಟ ಆದ್ರೂ ಆಗ್ಲಿ. ನಾನ್ ಗಟ್ಟಿಯಾಗಿ ಹಿಡ್ಕತೀನಿ.’

‘ಒಂದ್ನೇ ಗೇರಲ್ಲಿ ಗುಬ್ಬಿ ಗಂಟ ಹೋದ್ರೆ ಎಂಜಿನ್ ಕಾದು ಹೋಯ್ತದೆ. ಒಳಗ್ ಹೋಗು’ ಎಂದೆ.

‘ಆಯ್ತು ಕಣಪ್ಪ’ ಎಂದು, ಬಂದ ಗೋಡೆಯನ್ನೇ ಸವರುತ್ತಾ ಅಪ್ಪ ಒಳಗೆ ಹೋದ.